ರಬ್ಬರ್ ಸವೆದಿದೆ ಅಂತ ಹೇಳೋರು ಯಾರು?



ಪೋಸ್ಟು ಉದ್ದ ಇದೆ. ಗಾಜು ಒರೆಸೋ ವೈಪರ್‌ನ ರಬ್ಬರ್ ಬಗ್ಗೆ. ಒಳಮೀಸಲಾತಿ ಬಗ್ಗೆ ಬರೆದಾಗ ಬಂದಷ್ಟು ಲೈಕು, ಬೈಗುಳ ಎರಡೂ ಇದಕ್ಕೆ ಬರಲ್ಲ ಅಂತ ಗೊತ್ತು. ಆದ್ರೂ ಓದಿ. ನಿಮ್ಮ ಮನೇಲಿ, ನಿಮ್ಮ ಕೇರೀಲಿ ಯಾರಾದ್ರೂ ಬೆಂಗಳೂರಿನಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ರೆ ಅವರಿಗೂ ಕಳಿಸಿ.

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ಹೊನ್ನವಳ್ಳಿ ಹೋಬಳಿಯ ಹುಡುಗ, ನಮ್ಮ ಪಕ್ಕದೂರಿನ ಕೇರಿಯವನು. ಹೊರ ವರ್ತುಲ ರಸ್ತೆಯ ಒಂದು ಟೆಕ್ ಪಾರ್ಕಿನಲ್ಲಿ ಗ್ಲಾಸ್ ಕ್ಲೀನಿಂಗ್ ಮಾಡ್ತಾನೆ. ಕಂಪನಿ ಹೆಸರು ಬೇಡ. ಸುಮ್ನೆ ಫೋನ್ ಮಾಡೋ ಪೈಕಿ ಅಲ್ಲ ಅವನು. ನೇರ ವಿಷಯಕ್ಕೇ ಬಂದ.

"ಅಣ್ಣ, ವೈಪರ್ ರಬ್ಬರ್ ಎಷ್ಟು ದಿನಕ್ಕೊಂದ್ಸಾರಿ ಬದಲಿಸಬೇಕು ಅಂತ ಎಲ್ಲಾದ್ರೂ ಬರೆದೈತಾ? ಪೇಪರ್ ತರ ಏನಾದ್ರೂ ಸಿಗ್ತದಾ, ತೋರಿಸಕ್ಕೆ?"

ಯಾಕೋ ಅಂದೆ. ಫಾರಿನ್ ಕ್ಲೈಂಟ್ ಬಂದ ದಿನ ಲಾಬಿ ಗಾಜಿನ ಮೇಲೆ ಗೆರೆ ಉಳಿದಿತ್ತಂತೆ. 500 ರೂಪಾಯಿ ದಂಡ. ಅದೇ ವಾರ ಮೀಟಿಂಗ್ ರೂಮಿನ ಗಾಜಿಗೆ ಇನ್ನೊಂದು 500. ಮೂರನೇ ಸಾರಿ ಆದ್ರೆ ಸೈಟಿಂದ ತೆಗೀತೀವಿ ಅಂದಿದ್ದಾರಂತೆ. ಸಂಬಳ 15,000. ಅವನ ಕೈಲಿರೋ ರಬ್ಬರ್ ಎಷ್ಟು ಹಳೇದು ಅಂದೆ.

"ಯುಗಾದಿಗೆ ಊರಿಗೆ ಬಂದು ಹೋದ್ನಲ್ಲ, ಅದಾದ್ಮೇಲೆ ಕೊಟ್ಟಿದ್ದು."

ಫೋನ್ ಬಂದಾಗ ಶ್ರಾವಣ ನಡೀತಿತ್ತು. ನೀವೇ ಲೆಕ್ಕ ಹಾಕಿ.

ಆ ಹುಡುಗ ನನ್ನನ್ನೇ ಕೇಳೋಕೆ ಕಾರಣ ಇದೆ. ಸಂಘಟನೆಗೆ ಪೂರ್ತಿ ಬರೋಕೆ ಮುಂಚೆ ನಾನೂ ಆರು ವರ್ಷ ಬೆಂಗಳೂರಿನಲ್ಲಿ ಗಾಜು ಒರೆಸಿದೀನಿ. ಮೊದಲು ಒಳಗಿನ ಗಾಜು, ಆಮೇಲೆ ಹೊರಗೆ, ಹಗ್ಗದ ಮೇಲೆ, ಜೂಲಾದಲ್ಲಿ. ನಮ್ಮ ಕಡೆಯ ಎಷ್ಟೋ ಹುಡುಗರ ದಾರಿ ಅದೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದ್ರೆ ಹೊರಗಿನವರಿಗೆ ಕಲ್ಪತರು ನಾಡು. ಎತ್ತ ನೋಡಿದ್ರೂ ತೆಂಗು. ಆದ್ರೆ ತೆಂಗು ಯಾರದ್ದು? ನಮ್ಮ ಕಡೆ ಜಾತಿ ಕೇಳೋಕೆ ಸಂಕೋಚ ಆದ್ರೆ "ತೋಟ ಎಷ್ಟೈತಪ್ಪ?" ಅಂತ ಕೇಳ್ತಾರೆ. ಮರದ ಲೆಕ್ಕ ಹೇಳಿದ್ರೆ ಒಂದು ಜಾತಿ, ತಲೆ ತಗ್ಗಿಸಿದ್ರೆ ಒಂದು ಜಾತಿ. ಬೆಂಗಳೂರಿನ ಸೈಟಿನಲ್ಲಿ ನನ್ನ ಮೊದಲ ಸೂಪರ್‌ವೈಸರ್ ನಮ್ಮ ತಾಲ್ಲೂಕಿನವರೇ. ಊರ ಕಡೆಯೋನು ಸಿಕ್ಕಿದ ಅಂತ ಖುಷಿಯಾಗಿ ಮಾತಾಡಿಸಿದ್ರು. ಎರಡನೇ ಪ್ರಶ್ನೆ ಅದೇ ಆಗಿತ್ತು. ನಾನು ಉತ್ತರ ಕೊಡಲಿಲ್ಲ. ಮಾರನೇ ದಿನದಿಂದ ಟಾಯ್ಲೆಟ್ ಡ್ಯೂಟಿ.

ತೋಟ ಒಣಗಿದ ವರ್ಷ ತೋಟದವರಿಗೆ ಪರಿಹಾರದ ಅರ್ಜಿ, ಕಾಯಿ ಸುಲಿಯೋರ ಮಕ್ಕಳಿಗೆ ಬೆಂಗಳೂರಿನ ರೈಲು. ನಾನೂ ಹಂಗೇ ಹೋದವನು.

ನಮ್ಮಪ್ಪ ಕಾಯಿ ಸುಲಿಯೋ ಆಳು. ಸಾವಿರಕ್ಕೆ ಇಷ್ಟು ಅಂತ ಕೂಲಿ. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟದ ಮೊನೆಗೆ ಕಾಯಿ ಕುಕ್ಕಿ, ಮಣಿಕಟ್ಟು ತಿರುವಿ ಮಟ್ಟೆ ಬಿಡಿಸೋದು. ನೋಡೋಕೆ ಸಲೀಸು, ಮಾಡಿದವನ ಬಲಭುಜ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ. ಗೂಟ ಅಪ್ಪನದ್ದೇ. ತೋಟದ ಯಜಮಾನರು ಕೊಡ್ತಿದ್ದ ಗೂಟ ಅಪ್ಪ ಮುಟ್ಟುತ್ತಿರಲಿಲ್ಲ. ವಾರಕ್ಕೊಂದು ಸಾರಿ ಮೊನೆ ನೋಡಿ, ತಾನೇ ಅರ ಹಾಕಿ ಮಸೆಯೋದು. "ಇನ್ನೂ ಚೆನ್ನಾಗೈತಲ್ಲಪ್ಪ" ಅಂತ ನಾನು ಅಂದ್ರೆ, "ನಿನ್ ಕಣ್ಣಿಗೆ ಚೆನ್ನಾಗೈತೆ ಕಣ್ಲಾ, ನನ್ ಭುಜಕ್ಕೆ ಇಲ್ಲ" ಅಂತಿದ್ರು.

ಈ ಮಾತನ್ನ ಇಲ್ಲೇ ಇಟ್ಟಿರಿ. ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಅವನಿಗೆ ತೋರಿಸೋಕೆ ಒಂದು ಹಾಳೆ ನನಗೂ ಸಿಗಲಿಲ್ಲ. ಅದಕ್ಕೇ ನಾನೇ ಬರೀತಿದೀನಿ.

ನಾವು ವೈಪರ್ ಅಂತೀವಿ, ಟ್ರೈನಿಂಗ್ ಕೊಡೋರು ಸ್ಕ್ವೀಜಿ ಅಂತಾರೆ. ಹಿಡಿ, ಅದರ ತಲೆಗೆ ಹಿತ್ತಾಳೆ ಅಥವಾ ಸ್ಟೀಲಿನ ಒಂದು ಕಾಲುವೆ, ಆ ಕಾಲುವೆಯೊಳಗೆ ತೂರಿಸಿದ ರಬ್ಬರ್ ಪಟ್ಟಿ. ಬೆಲೆ ಇರೋದು ಹಿಡಿಗೆ, ಕೆಲಸ ಮಾಡೋದು ರಬ್ಬರು. ರಬ್ಬರಲ್ಲೂ ಪೂರ್ತಿ ಅಲ್ಲ, ಅದರ ಅಂಚು. ಅಂಚಲ್ಲೂ ಒಂದೇ ಒಂದು ಮೂಲೆ. ಹೊಸ ರಬ್ಬರ್ ತಗೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಅಂಚು ಚೂಪಾಗಿರಲ್ಲ, ಇಟ್ಟಿಗೆ ತರ ಚೌಕವಾಗಿ ಕತ್ತರಿಸಿರುತ್ತೆ. ಆ ಚೌಕದ ಮೂಲೆ ಗಾಜಿಗೆ ತಾಗಿ ನೀರನ್ನ ಹೆರೆದುಕೊಂಡು ಬರುತ್ತೆ. ಒರೆಸೋದಲ್ಲ, ಹೆರೆಯೋದು. ಮೂಲೆ ದುಂಡಗಾದ್ರೆ ನೀರು ಅದರ ಅಡಿಗೆ ನುಗ್ಗಿ ಹಿಂದೆ ಉಳಿಯುತ್ತೆ. ಒಣಗಿದ ಮೇಲೆ ಅದೇ ಗೆರೆ. ಬೋರ್‌ವೆಲ್ ನೀರಾದ್ರೆ ಬಿಳೀ ಗೆರೆ, ದೂರದಿಂದಲೇ ಕಾಣುತ್ತೆ.

ಮೂಲೆ ದುಂಡಗಾದಾಗ ಕೆಲಸದವನು ಏನು ಮಾಡ್ತಾನೆ? ಒತ್ತುತ್ತಾನೆ. ಒತ್ತಿದಷ್ಟೂ ರಬ್ಬರ್ ಬಾಗುತ್ತೆ, ಬಾಗಿದಷ್ಟೂ ಮೂಲೆ ಬಿಟ್ಟು ಪಕ್ಕೆ ತಾಗುತ್ತೆ, ಗೆರೆ ಇನ್ನೂ ಜಾಸ್ತಿ ಆಗುತ್ತೆ. ಸಂಜೆ ಹೊತ್ತಿಗೆ ಮಣಿಕಟ್ಟು ಊದಿರುತ್ತೆ. ಅದನ್ನ ಸೂಪರ್‌ವೈಸರ್ "ಕೈ ಸರಿ ಇಲ್ಲ" ಅಂತ ಬರ್ಕೊತಾನೆ.

ಅಂಚಿಗೆ ಮುಂದೊಂದು ಹಿಂದೊಂದು ಮೂಲೆ. ಒಂದು ಮೂಲೆ ಸತ್ತಾಗ ಕಾಲುವೆಯಿಂದ ಎಳೆದು ತಿರುಗಿಸಿ ಹಾಕಿದ್ರೆ ಇನ್ನೊಂದು ಸಿಗುತ್ತೆ. ಎಲ್ಲ ಮೂಲೆ ಮುಗಿದ ಮೇಲೆ ಬಿಸಾಕಬೇಕು, ಬೇರೆ ದಾರಿ ಇಲ್ಲ. ಇದನ್ನ ನಮ್ಮ ಎಷ್ಟೋ ಹುಡುಗರಿಗೆ ಯಾರೂ ಹೇಳಿಕೊಟ್ಟೇ ಇರಲ್ಲ. ಒಂದೇ ಮೂಲೆಯಲ್ಲಿ ತಿಂಗಳುಗಟ್ಟಲೆ ಎಳೀತಿರ್ತಾರೆ, ಉಳಿದ ಮೂಲೆ ಹೊಸದಾಗೇ ಕೂತಿರುತ್ತೆ.

ಹಾಗಾದ್ರೆ ಎಷ್ಟು ದಿನ? ದಿನಪೂರ್ತಿ ಗಾಜಿನ ಮೇಲೇ ಇರೋ ಕೆಲಸಗಾರನಿಗೆ ಒಂದು ರಬ್ಬರ್, ಎಲ್ಲ ಮೂಲೆ ಸೇರಿ, ಒಂದು ವಾರ ಬಂದ್ರೆ ಸಾಕು ಅಂದ್ಕೋಬೇಕು. ಹಗ್ಗದ ಮೇಲಿದ್ದಾಗ ನಾನು ನಾಲ್ಕು ದಿನಕ್ಕೇ ಮುಗಿಸಿದ್ದುಂಟು. ಲಾಬಿ, ಬಾಗಿಲು, ಕನ್ನಡಿ ಅಂತ ದಿನಕ್ಕೆ ಒಂದೆರಡು ಗಂಟೆ ಮಾಡೋರಿಗೆ ಮೂರು ವಾರ, ಹೆಚ್ಚಂದ್ರೆ ತಿಂಗಳು. ಮನೆಯಲ್ಲಿ ಹಬ್ಬಕ್ಕೊಂದ್ಸಾರಿ ಕಿಟಕಿ ಒರೆಸೋರಿಗೆ ವರ್ಷ ಆದ್ರೂ ಬರುತ್ತೆ. ಆದ್ರೆ ಹೊಸ ಕಟ್ಟಡ ಅಂದ್ರೆ ಈ ಲೆಕ್ಕ ಎಲ್ಲ ಸುಳ್ಳು. ಗಾಜಿನ ಮೇಲೆ ಸಿಮೆಂಟ್ ಚೂರು, ಪೇಂಟ್ ಹನಿ, ಸಿಲಿಕೋನ್ ಗಂಟು ಇರುತ್ತೆ. ಬೆಳಿಗ್ಗೆ ಹಾಕಿದ ರಬ್ಬರ್ ಮಧ್ಯಾಹ್ನಕ್ಕೆ ಹಲ್ಲು ಉದುರಿದ ಬಾಚಣಿಗೆ ಆಗಿರುತ್ತೆ.

ಅದಕ್ಕೇ ದಿನದ ಲೆಕ್ಕಕ್ಕಿಂತ ಗೆರೆ ಹೇಳೋದನ್ನ ಕೇಳಬೇಕು. ಹುಡುಗರೇ, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ, ದಂಡದ ಮಾತು ಬಂದಾಗ ನಿಮ್ಮ ಸಾಕ್ಷಿ ಇದೇ. ಪ್ರತಿ ಎಳೆತದಲ್ಲೂ ವೈಪರ್‌ನ ಅದೇ ಜಾಗದಲ್ಲಿ, ಎಡತುದಿಯಿಂದ ಎರಡು ಬೆರಳು ಅಂತ ಇಟ್ಕೊಳ್ಳಿ, ಗೆರೆ ಬರ್ತಿದ್ರೆ ಅಂಚನ್ನ ಒಂದ್ಸಾರಿ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಮರಳಿನ ಕಣ ಅಂಟಿದ್ರೆ ಹೋಗುತ್ತೆ. ಒರೆಸಿದ ಮೇಲೂ ಅಲ್ಲೇ ಬಂದ್ರೆ ಅಂಚು ಹರಿದಿದೆ, ಅದು ರಬ್ಬರಿನ ತಪ್ಪು. ಗೆರೆ ಒಂದ್ಸಾರಿ ಅಲ್ಲಿ, ಒಂದ್ಸಾರಿ ಇಲ್ಲಿ ಬಂದ್ರೆ ಮಾತ್ರ ಕೈ, ಕೋನ, ಸೋಪಿನ ಕಡೆ ನೋಡಬೇಕು. ಎಳೆಯುವಾಗ ಕರಕರ ಅಂತ ಅದುರಿ ನೆಗೆದ್ರೆ ಗಾಜು ಒಣಗಿರಬಹುದು, ರಬ್ಬರ್ ಗಟ್ಟಿಯಾಗಿರಬಹುದು, ಎರಡನ್ನೂ ನೋಡಿ. ಇದೆಲ್ಲಾ ಬೇಡ ಅಂದ್ರೆ ಒಂದೇ ಪರೀಕ್ಷೆ ಸಾಕು. ಅದೇ ಕೈಗೆ ಹೊಸ ರಬ್ಬರ್ ಕೊಡಿ, ಅದೇ ಗಾಜು ಒರೆಸಲಿ. ಗೆರೆ ಹೋಯ್ತಾ? ಹಾಗಾದ್ರೆ ಅದು ಯಾರ ತಪ್ಪು?

ನಮ್ಮ ಕಡೆಯಿಂದಲೂ ತಪ್ಪಿದೆ, ಮುಚ್ಚಿಡಲ್ಲ. ಕೆಲಸ ಮುಗಿದ ಮೇಲೆ ವೈಪರನ್ನ ರಬ್ಬರ್ ಕೆಳಗಾಗಿ ಬಕೆಟ್ಟಿಗೆ ಎಸೆದು ಮೇಲೆ ಮಾಪ್ ಹೇರಿದ್ರೆ ಅಂಚು ಸೊಟ್ಟಗಾಗುತ್ತೆ. ಬಿಸಿಲಿಗೆ ಬಿಟ್ರೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಧೂಳಿನ ಗಾಜನ್ನ ಮೊದಲು ನೆನೆಸಿ ತೊಳೀದೆ ನೇರ ಎಳೆದ್ರೆ ಮರಳು ಅಂಚನ್ನ ಕುಯ್ಯುತ್ತೆ. ಇನ್ನೊಂದು, ನಮ್ಮ ಸೀಮೆಯವರಿಗೇ ಹೇಳಬೇಕಾದ್ದು. ಕೊಬ್ಬರಿ ಎಣ್ಣೆ. ತಲೆಗೆ ಎಣ್ಣೆ ಹಚ್ಚಿ ಕ್ರಾಪ್ ತೀಡಿದ ಕೈಯಲ್ಲೇ ರಬ್ಬರ್ ಹಿಡೀತೀವಿ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ಗಾಜಿಗೂ ಎಣ್ಣೆ ಹತ್ತುತ್ತೆ. ನಾನು ಮೊದಲ ತಿಂಗಳಲ್ಲೇ ಎರಡು ರಬ್ಬರ್ ಹೀಗೆ ಹಾಳು ಮಾಡಿದ್ದೆ. ತಿಪಟೂರು ಕೊಬ್ಬರಿ ಮಾರ್ಕೆಟ್ಟಿನ ಕಡೆಯೋನು ಅಂತ ಎಲ್ಲ ನಕ್ಕಿದ್ರು.

ಈಗ ನನ್ನದೇ ಒಂದು ಕಥೆ ಹೇಳಬೇಕು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಐದನೇ ವರ್ಷಕ್ಕೆ ನನ್ನನ್ನ ಟೀಮ್ ಲೀಡರ್ ಮಾಡಿದ್ರು. ಸಂಬಳ ಸಾವಿರ ಜಾಸ್ತಿ, ಶರ್ಟಿನ ಬಣ್ಣ ಬೇರೆ. ಮುಖ್ಯವಾಗಿ ಸ್ಟೋರ್ ರಿಜಿಸ್ಟರ್ ಕೈಗೆ ಬಂತು. ತಿಂಗಳಿಗೆ ಎಷ್ಟು ಆರ್-3 ಹೋಯ್ತು, ಎಷ್ಟು ಬಟ್ಟೆ, ಎಷ್ಟು ರಬ್ಬರ್. ಕಡಿಮೆ ತೋರಿಸಿದವನು ಒಳ್ಳೇ ಟೀಮ್ ಲೀಡರ್ ಅಂತ ಯಾರೂ ಬಾಯ್ಬಿಟ್ಟು ಹೇಳಲಿಲ್ಲ. ಹೇಳಬೇಕಾಗೂ ಇರಲಿಲ್ಲ. ಎರಡೇ ತಿಂಗಳಿಗೆ ನಾನು "ಇನ್ನೊಂದು ವಾರ ಓಡಿಸ್ರಿ" ಅನ್ನೋಕೆ ಕಲಿತಿದ್ದೆ.

ತುರುವೇಕೆರೆ ಕಡೆಯ ಒಬ್ಬ ಅಕ್ಕ ಇದ್ರು ಟೀಮಿನಲ್ಲಿ. ನಮ್ಮೋರೇ. ಮೂರು ಸಾರಿ ರಬ್ಬರ್ ಕೇಳಿದ್ರು, ಮೂರು ಸಾರೀನೂ ಅದೇ ಮಾತು ಹೇಳಿದೆ. ಆಮೇಲೆ ರಿಸೆಪ್ಷನ್ ಗಾಜಿನ ಮೇಲೆ ಗೆರೆ ಅಂತ ಮೇಲಿನಿಂದ ಫೋಟೋ ಬಂತು. ನಾನು ಅವರ ಹೆಸರಿಗೆ ಮೆಮೊ ಬರೆದೆ. ನನ್ನ ಕೈಯಾರೆ, ಕನ್ನಡದಲ್ಲಿ. "ಕೆಲಸದಲ್ಲಿ ನಿರ್ಲಕ್ಷ್ಯ." ಅವರು ಓದಿ, ಏನೂ ಅನ್ನದೆ ಸಹಿ ಹಾಕಿದ್ರು. ಸಹಿ ಹಾಕಿ ಪೆನ್ನು ವಾಪಸ್ ಕೊಡುವಾಗ "ನೀನು ಹೊನ್ನವಳ್ಳಿ ಕಡೆಯೋನಲ್ವೇನಪ್ಪ" ಅಂದ್ರು. ಅಷ್ಟೇ.

ವಾರ ಕಳೆದ ಮೇಲೆ ಅವರು ರಜೆ ಇದ್ದ ದಿನ ಆಳು ಸಾಲದೆ ನಾನೇ ರಿಸೆಪ್ಷನ್ ಗಾಜು ಒರೆಸಿದೆ, ಅವರ ವೈಪರ್‌ನಲ್ಲಿ. ಮೊದಲ ಎಳೆತಕ್ಕೇ ಎಡಗಡೆ ಎರಡು ಬೆರಳು ಬಿಟ್ಟು ಗೆರೆ. ಎರಡನೇ ಎಳೆತ, ಅದೇ ಜಾಗ. ಒತ್ತಿದೆ. ಇನ್ನೂ ದಪ್ಪ ಗೆರೆ. ಪಟ್ಟಿ ಎಳೆದು ನೋಡಿದ್ರೆ ಎಲ್ಲ ಮೂಲೆ ಮುಗಿದಿತ್ತು. ಪಾಪ, ತಿರುಗಿಸಿ ತಿರುಗಿಸಿ ಹಾಕಿದ್ರು. ಒಂದು ತುದಿಯನ್ನ ಬ್ಲೇಡಲ್ಲಿ ಸವರಿ ಸರಿ ಮಾಡೋಕೂ ನೋಡಿದ್ರು. ನಾನು ಸ್ಟೋರಿಗೆ ಹೋಗಿ ಹೊಸ ರಬ್ಬರ್ ತಂದು ಹಾಕಿದೆ. ಗಾಜು ಇಲ್ಲವೇನೋ ಅನ್ನೋ ಹಂಗೆ ಕ್ಲೀನಾಯ್ತು.

ರಬ್ಬರ್ ಬದಲಿಸಿದೆ, ಮೆಮೊ ವಾಪಸ್ ತಗೊಳ್ಳಲಿಲ್ಲ. ತಗೊಂಡಿದ್ರೆ ನನ್ನ ತಪ್ಪು ಒಪ್ಪಿಕೊಂಡ ಹಂಗಾಗ್ತಿತ್ತಲ್ಲ. ಮುಂದಿನ ಕಾಂಟ್ರ್ಯಾಕ್ಟ್ ಬದಲಾದಾಗ ಮೆಮೊ ಇರೋರನ್ನ ಮೊದಲು ಬಿಟ್ಟರು. ಅಕ್ಕ ಆ ಪಟ್ಟಿಯಲ್ಲಿದ್ರು. ಈಗ ಎಲ್ಲಿದಾರೋ ಗೊತ್ತಿಲ್ಲ. ಈ ಪೋಸ್ಟ್ ಯಾರಾದ್ರೂ ಅವರಿಗೆ ಓದಿ ಹೇಳಿದ್ರೆ: ಅಕ್ಕ, ತಪ್ಪು ರಬ್ಬರಿಂದಲ್ಲ, ನನ್ನದು.

ಸೂಪರ್‌ವೈಸರ್ ಯಾವ ಜಾತಿ ಅಂತ ಮಾತ್ರ ನೋಡಿದ್ರೆ ಇದು ಅರ್ಥ ಆಗಲ್ಲ. ರಿಜಿಸ್ಟರ್ ನಮ್ಮ ಕೈಗೆ ಬಂದಾಗ ನಾವು ಏನಾಗ್ತೀವಿ ಅಂತಲೂ ನೋಡ್ಕೋಬೇಕು. ಹಂಗಂತ ಜಾತಿ ಇಲ್ಲ ಅಂತಲ್ಲ. ಯಾವುದೇ ದೊಡ್ಡ ಸೈಟಿನ ಹೌಸ್‌ಕೀಪಿಂಗ್ ಹಾಜರಿ ಪಟ್ಟಿ ತೆಗೆದು, ಒಬ್ಬೊಬ್ಬರನ್ನೇ ಊರು ಯಾವುದು, ಊರಲ್ಲಿ ಮನೆ ಎಲ್ಲಿ ಅಂತ ಕೇಳಿ ನೋಡಿ.

ನಮ್ಮ ಚಿಕ್ಕವ್ವ ಒಂದು ಪಟ್ಟಣದಲ್ಲಿ ಪೌರಕಾರ್ಮಿಕೆ. ಅವರಿಗೆ ಕೊಡೋ ಕಡ್ಡಿ ಪರಕೆ ಡಾಂಬರು ರಸ್ತೆಗೆ ಎಷ್ಟು ದಿನ ಬರುತ್ತೆ? ತುದಿ ಸವೆದು ಸವೆದು ಗಿಡ್ಡ ಆಗುತ್ತೆ. ಪರಕೆ ಒಂದು ಗೇಣು ಗಿಡ್ಡ ಆದ್ರೆ ಗುಡಿಸೋರ ಸೊಂಟ ಒಂದು ಗೇಣು ಬಗ್ಗುತ್ತೆ. ಹೊಸದು ಬರೋವರೆಗೂ ಕಾಯೋಕಾಗದೆ ಚಿಕ್ಕವ್ವ ಹಬ್ಬಕ್ಕೆ ಬಂದಾಗಲೆಲ್ಲ ನಮ್ಮೂರಿಂದ ತೆಂಗಿನ ಕಡ್ಡಿ ಹೊರೆ ಕಟ್ಕೊಂಡು ಹೋಗ್ತಾರೆ. ಅವ್ವ ರಾತ್ರಿ ಕೂತು ಬಿದ್ದ ಗರಿಯಿಂದ ಕಡ್ಡಿ ಸೀಳಿಟ್ಟಿರ್ತಾರೆ. ಮರ ಅವರದ್ದು, ಗರಿ ಅವರು ಬಿಟ್ಟಿದ್ದು, ಸೀಳೋ ಬೆರಳು ಅವ್ವಂದು, ಸೊಂಟ ಚಿಕ್ಕವ್ವಂದು, ರಸ್ತೆ ಎಲ್ಲರದ್ದು. ಪೌರಕಾರ್ಮಿಕರ ಸ್ಥಿತಿಗತಿ ಬಗ್ಗೆ ನಮ್ಮ ರಾಜ್ಯದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ ವರದಿ ಕೊಟ್ಟಿದೆ, 500 ಜನಸಂಖ್ಯೆಗೆ ಒಬ್ಬರು ಪೌರಕಾರ್ಮಿಕರಿರಬೇಕು ಅಂತ. ಆಳಿನ ಲೆಕ್ಕಕ್ಕೇ ಇಷ್ಟು ವರ್ಷ ಹೊಡೆದಾಡಿದೀವಿ. ಪರಕೆ ಲೆಕ್ಕಕ್ಕೆ ಯಾವಾಗ ಬರೋದು?

ಒಂದು ಕಾಕತಾಳೀಯ ಹೇಳ್ತೀನಿ. ನಾವು ಇವತ್ತು ಹಿಡಿಯೋ ಈ ಹಗುರ ವೈಪರನ್ನ ರೂಪಿಸಿದ್ದು ಎತ್ತೊರೆ ಸ್ಟೆಕ್ಕೋನೆ ಅನ್ನೋ ಕೆಲಸಗಾರ. ಇಟಲಿಯಿಂದ ಅಮೆರಿಕಕ್ಕೆ ಹೊಟ್ಟೆಪಾಡಿಗೆ ಹೋದವನು, ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಕಿಟಕಿ ಒರೆಸ್ತಿದ್ದ. ಆಗ ಇದ್ದದ್ದು ಭಾರದ ಉಕ್ಕಿನ ವೈಪರ್. ಎರಡು ರಬ್ಬರ್ ಪಟ್ಟಿ, ರಬ್ಬರ್ ಬದಲಿಸಬೇಕು ಅಂದ್ರೆ ಹನ್ನೆರಡು ಸ್ಕ್ರೂ ಬಿಚ್ಚಬೇಕು. ಹನ್ನೆರಡು ಸ್ಕ್ರೂ ಬಿಚ್ಚೋಕೆ ಯಾರಿಗೆ ಪುರುಸೊತ್ತು? ಸವೆದ ರಬ್ಬರಲ್ಲೇ ಎಳೀತಿದ್ರು ಅಂತ ಕಾಣುತ್ತೆ. ಇವನು ಹಿತ್ತಾಳೆಯ ಹಗುರ ಹಿಡಿ, ಒಂದೇ ಪಟ್ಟಿ, ಸಲೀಸಾಗಿ ಬದಲಿಸೋ ಹಂಗೆ ಮಾಡಿದ. ನ್ಯೂಯಾರ್ಕಿನ ದೊಡ್ಡ ವ್ಯಾಪಾರಿ ಇದನ್ನ ಕೊಳ್ಳೋಕೆ ಒಪ್ಪಲಿಲ್ಲವಂತೆ. ಆಗ ಅವನು ವ್ಯಾಪಾರಿಯನ್ನ ಬಿಟ್ಟು, ಕಿಟಕಿ ಒರೆಸೋರ ಕೈಗೇ ಬಿಟ್ಟಿಯಾಗಿ ಹಂಚಿದ ಅಂತ ಕಥೆ. ಒಂದ್ಸಾರಿ ಹಿಡಿದ ಕೈ ಹಳೇದಕ್ಕೆ ಹೋಗಲಿಲ್ಲ. ಕೆಲಸಗಾರರು ಅದೇ ಬೇಕು ಅಂತ ಕೂತ್ರು, ವ್ಯಾಪಾರಿ ಬಂದ.

ಆ ವೈಪರ್ ಹುಟ್ಟಿದ್ದು 1936ರಲ್ಲಿ. ಅದೇ 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಬಾಬಾಸಾಹೇಬರ ಭಾಷಣ ರದ್ದು ಮಾಡಿತು, ಅವರು ಅದನ್ನ ತಾವೇ ಅಚ್ಚು ಹಾಕಿಸಿದ್ರು. ಅದೇ 'ಜಾತಿ ವಿನಾಶ'. ಜಾತಿ ಅನ್ನೋದು ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸ ಮಾಡೋರನ್ನೇ ಒಬ್ಬರ ಮೇಲೊಬ್ಬರಂತೆ ವಿಂಗಡಿಸಿಟ್ಟಿದೆ ಅಂತ ಅವರು ವಿವರಿಸಿದ್ದು ಅದರಲ್ಲೇ. ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದ್ದೂ ಅದೇ ವರ್ಷ. ಇನ್ನೂ ಒಂದಿದೆ, ನಮ್ಮ ಹುಡುಗನಿಗೆ ಬೇಕಾಗಿದ್ದು ಅದು: ವೇತನ ಪಾವತಿ ಕಾಯ್ದೆ, ಅದೂ 1936.

ಆ ಕಾಯ್ದೆ ದಂಡದ ಬಗ್ಗೆ ಏನು ಹೇಳಿತ್ತು ನೋಡಿ. ಯಾವ ಯಾವ ತಪ್ಪಿಗೆ ದಂಡ ಹಾಕ್ತೀವಿ ಅನ್ನೋ ಪಟ್ಟಿಗೆ ಮೊದಲೇ ಒಪ್ಪಿಗೆ ಪಡೆದು, ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣೋ ಹಂಗೆ ಹಾಕಿರಬೇಕು. ದಂಡ ಹಾಕೋ ಮೊದಲು ಕಾರ್ಮಿಕನಿಗೆ ತನ್ನ ಮಾತು ಹೇಳೋ ಅವಕಾಶ ಕೊಡಬೇಕು. ಆ ಸಂಬಳದ ಅವಧಿಯಲ್ಲಿ ಒಟ್ಟು ದಂಡ ಸಂಬಳದ ನೂರಕ್ಕೆ 3 ದಾಟಂಗಿಲ್ಲ. ರಿಜಿಸ್ಟರಿನಲ್ಲಿ ಬರೀಬೇಕು, ಆ ದುಡ್ಡು ಕಾರ್ಮಿಕರ ಒಳಿತಿಗೇ ಖರ್ಚಾಗಬೇಕು. 2019ರ ವೇತನ ಸಂಹಿತೆಯಲ್ಲೂ ಇವು ಹಾಗೇ ಇವೆ. 15,000ಕ್ಕೆ ನೂರಕ್ಕೆ 3 ಅಂದ್ರೆ 450. ನಮ್ಮ ಹುಡುಗನಿಗೆ ಒಂದೇ ತಿಂಗಳಲ್ಲಿ 1,000. ಪಟ್ಟಿ ಇಲ್ಲ, ಅವಕಾಶ ಇಲ್ಲ, ರಸೀದಿ ಇಲ್ಲ.

ಒಂದು ರಬ್ಬರಿಗೆ ಬೀಳೋದು ಹೆಚ್ಚೂಕಮ್ಮಿ ಒಂದು ಬಿರಿಯಾನಿ ದುಡ್ಡು. ಅದನ್ನ ಉಳಿಸೋಕೆ ಒಬ್ಬನ ಮೂರು ದಿನದ ಊಟ ಕಿತ್ಕೊಳ್ಳೋದು ಯಾವ ಲೆಕ್ಕ ಅಂತ ಕೇಳಬಹುದು. ಲೆಕ್ಕ ಸರಿಯಾಗೇ ಇದೆ. ರಬ್ಬರ್ ಖರ್ಚು ಕಂಪನಿ ಪುಸ್ತಕದಲ್ಲಿ ಬರುತ್ತೆ, ಮಣಿಕಟ್ಟು ಯಾರ ಪುಸ್ತಕದಲ್ಲೂ ಬರಲ್ಲ.

ಹೊರಗಿನ ಗಾಜಿನಲ್ಲಿ ವಿಷಯ ಇನ್ನೂ ಬೇರೆ. ಹನ್ನೊಂದನೇ ಮಹಡಿ ಗಾಜಿನಲ್ಲಿ ಗೆರೆ ಉಳೀತು ಅಂದ್ರೆ ಜೂಲಾ ಮತ್ತೆ ಇಳಿಸಬೇಕು. ಒಂದ್ಸಾರಿ ತೂಗಾಡೋ ಕಡೆ ಎರಡು ಸಾರಿ. ಗಾಳಿ ಎದ್ದಿರುತ್ತೆ, ಸಂಜೆ ಆಗಿರುತ್ತೆ, ಕೈ ಸೋತಿರುತ್ತೆ. ಅಂಚಿನ ಗೆರೆ ಹೋಗಲಿಲ್ಲ ಅಂತ ಒಂದು ಗೇಣು ಜಾಸ್ತಿ ಆಚೆಗೆ ಬಾಗ್ತೀವಿ. ಬೆಲ್ಟಿನ ಹುಕ್ಕು ಇದೆಯಾ ಅಂತ ನೋಡೋದು ಎಲ್ಲರಿಗೂ ಗೊತ್ತು. ಕೈಲಿರೋ ರಬ್ಬರ್ ಸವೆದಿದೆಯಾ ಅಂತ ನೋಡೋದೂ ಜೀವದ ಪ್ರಶ್ನೇನೇ ಅಂತ ಹಗ್ಗದ ಮೇಲಿದ್ದವನಿಗೆ ಮಾತ್ರ ಗೊತ್ತು.

ಮೊದಲ ಸಾರಿ ಊರಿಗೆ ಹೋದಾಗ ಅಪ್ಪ ಏನು ಕೆಲಸ ಅಂತ ಕೇಳಿದ್ರು. ಗಾಜು ಒರೆಸೋದು ಅಂದೆ. ಬಹಳ ಹೊತ್ತು ನಕ್ಕರು. ಅವರು ಹುಡುಗನಾಗಿದ್ದಾಗ ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವರು. ಒಳಗೆ ಕೂತೋರಿಗೆ ಗಾಜಿನ ಲೋಟ. "ಆವಾಗ ಗಾಜು ಮುಟ್ಟಂಗಿರ್ಲಿಲ್ಲ ಕಣ್ಲಾ. ಈಗ ನೀನು ಮುಟ್ದೇ ಇದ್ರೆ ಅವರಿಗೆ ಆಚೆ ಕಾಣಕಿಲ್ಲ" ಅಂದ್ರು. ಆಮೇಲೆ ವೈಪರ್ ಹೆಂಗಿರ್ತದೆ ಅಂತ ಕೇಳಿದ್ರು. ಬ್ಯಾಗಲ್ಲಿದ್ದ ಹಳೇ ರಬ್ಬರ್ ತುಂಡು ತೋರಿಸಿದೆ. ಅಂಚಿನ ಮೇಲೆ ಹೆಬ್ಬೆರಳಾಡಿಸಿ, "ಇದು ಮೊಂಡಾಗೈತೆ, ಯಾಕಿನ್ನೂ ಮಡಿಕಂಡಿದೀಯ?" ಅಂದ್ರು. ಹುಟ್ಟಿದಾಗಿಂದ ರಬ್ಬರ್ ವೈಪರ್ ಕಂಡೋರಲ್ಲ. ಬೆರಳಿಗೆ ಗೊತ್ತಾಯ್ತು.

ಆ ಹುಡುಗನ ಕಥೆ ಏನಾಯ್ತು ಅಂತ ಹೇಳಿ ಮುಗಿಸ್ತೀನಿ.

ಭಾನುವಾರ ಅವನ ರೂಮಿಗೆ ಹೋದೆ. ಏಳು ಜನ ಇದ್ರು. ಐದು ಜನ ನಮ್ಮ ಸೀಮೆಯವರು, ಇಬ್ಬರು ರಾಯಚೂರು ಕಡೆಯವರು. ಎಲ್ಲರ ರಬ್ಬರೂ ತರಿಸಿ ಚಾಪೆ ಮೇಲೆ ಸಾಲಾಗಿ ಇಟ್ಟು ನೋಡಿದ್ವಿ. ಒಂದೂ ನೆಟ್ಟಗಿರಲಿಲ್ಲ. ಇಬ್ಬರಿಗೆ ತಿರುಗಿಸಿ ಹಾಕೋದು ಗೊತ್ತೇ ಇರಲಿಲ್ಲ, ಅಲ್ಲೇ ತೋರಿಸಿಕೊಟ್ಟೆ. ಆಮೇಲೆ ಅರ್ಜಿ ಬರೆದ್ವಿ, ಕನ್ನಡದಲ್ಲೇ, ಎರಡು ಪುಟ. ದಂಡ ವಾಪಸ್ ಕೊಡಿ ಅಂತ ಒಂದು. ವಾರಕ್ಕೊಂದು ರಬ್ಬರ್, ಅಥವಾ ಕೆಲಸಗಾರ ಕೇಳಿದ ದಿನವೇ ಅಂತ ಇನ್ನೊಂದು. ಕೇಳಿದವರ ಹೆಸರು, ಕೇಳಿದ ತಾರೀಕು, ಕೊಟ್ಟ ತಾರೀಕು ಮೂರೂ ರಿಜಿಸ್ಟರಿನಲ್ಲಿರಲಿ ಅಂತ ಮತ್ತೊಂದು. ಈ ಮೂರನೇದು ನನ್ನ ಸೇರ್ಪಡೆ. ರಿಜಿಸ್ಟರಿನಲ್ಲಿ ಕೊಟ್ಟಿದ್ದು ಮಾತ್ರ ಇರುತ್ತೆ, ಕೇಳಿದ್ದು ಇರಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಏಳೂ ಜನ ಸಹಿ ಹಾಕಿದ್ರು. ಕೊನೆಗೆ ಹುಡುಗನೇ ಒಂದು ಐಡಿಯಾ ಮಾಡಿದ. ತನ್ನ ಹಳೇ ರಬ್ಬರಿನ ಹರಿದ ಕಡೆಯಿಂದ ನಾಲ್ಕು ಬೆರಳು ಕತ್ತರಿಸಿ ಅರ್ಜಿಗೆ ಸ್ಟೇಪ್ಲರ್ ಹೊಡೆದ. ಕಂಪನಿಗೊಂದು ಪ್ರತಿ ಕೊಟ್ಟು, ರಬ್ಬರ್ ಹೊಡೆದಿದ್ದ ಪ್ರತಿಯನ್ನ ಲೇಬರ್ ಆಫೀಸಿಗೆ ಕೊಟ್ಟು ಸೀಲು ಹಾಕಿಸ್ಕೊಂಡ್ವಿ.

1,000 ರೂಪಾಯಿ ಇನ್ನೂ ಬಂದಿಲ್ಲ. ಸೈಟಿಂದ ತೆಗೆಯೋ ಮಾತು ನಿಂತಿದೆ. ಹೋದ ಗುರುವಾರ ಸ್ಟೋರಿಗೆ ರಬ್ಬರಿನ ಒಂದು ಬಾಕ್ಸ್ ಬಂದಿದೆಯಂತೆ. ಸಂಜೆ ಹುಡುಗ ಫೋನ್ ಮಾಡಿದ.

"ಅಣ್ಣ, ಹಳೇ ರಬ್ಬರ್ ವಾಪಸ್ ಕೊಟ್ರೇ ಹೊಸದು ಕೊಡೋದು ಅಂತ ರೂಲ್ಸ್ ಮಾಡವ್ರೆ."

"ಕೊಡೋ, ಇಟ್ಕೊಂಡು ಏನ್ಮಾಡ್ತೀಯ?"

"ಕೊಟ್ಟೆ ಅಣ್ಣ. ಸ್ಟೋರಿನವನು ಸ್ಕೇಲ್ ಇಟ್ಟು ಅಳೆದ. ನಾಲ್ಕು ಬೆರಳು ಕಮ್ಮಿ ಐತೆ, ತಗಳಲ್ಲ ಅಂತವ್ನೆ."

"ಕಮ್ಮಿ ಇರೋ ನಾಲ್ಕು ಬೆರಳು ಲೇಬರ್ ಆಫೀಸಿನ ಫೈಲಲ್ಲಿ ಐತೆ, ಬೇಕಾದ್ರೆ ಅಲ್ಲೋಗಿ ಅಳ್ಕೊಳ್ಳಿ ಅನ್ನು" ಅಂದೆ.